ಗಾಡಿಯ ಮುಂದೆ ನಡೆದ ಕೆಂಚಮ್ಮ

ಕೆಂಚಮ್ಮನಿಗೆ ಬೇಕಾಗಿದ್ದು ಒಂದೇ ಒಂದು. ತನ್ನ ಗಾಡಿಯ ಮೇಲೆ ತಾನು ಕೂರಬೇಕು. ಇದೇನು ಮಹಾ ಆಸೆ ಎಂದು ಮೂಗು ಮುರಿಯಬೇಡಿ. ಗಾಡಿ ಮನೆಯದು, ಎತ್ತು ಮನೆಯವು, ಹುಲ್ಲು ಹಾಕಿದವಳು ಅವಳು, ಸಗಣಿ ಬಾಚಿದವಳೂ ಅವಳೇ. ಆದರೂ ಮೈಸೂರಿನ ಬೀದಿಗಳಲ್ಲಿ ಆರೇಳು ವರ್ಷ ಆ ಗಾಡಿಯ ಮುಂದೆ ನಡೆದುಕೊಂಡೇ ಹೋದಳು. ಅವಳ ಹಿಂದೆ ಎತ್ತು, ಎತ್ತಿನ ಹಿಂದೆ ಹಗ್ಗ ಹಿಡಿದು ಕೂತ ಗಂಡ, ಗಂಡನ ಬೆನ್ನಿಗೆ ಸೌದೆಯ ಹೊರೆ. ಲಕ್ಷ್ಮೀಪುರಂ ಕಡೆಯ ಹಳಬರನ್ನು ಈಗಲೂ ಕೇಳಿ ನೋಡಿ, "ಗಾಡಿ ಮುಂದೆ ನಡೀತಿದ್ಳಲ್ಲ, ಆ ಹೆಂಗಸಾ?" ಎಂದು ತಾವೇ ಹೇಳುತ್ತಾರೆ. ಹೆಸರು ಮಾತ್ರ ಅವರಿಗೆ ನೆನಪಿರುವುದಿಲ್ಲ.

ಹತ್ತಿ ಕೂರಲು ಏನಡ್ಡಿ ಎಂದು ಕೇಳಿದರೆ ಅವಳ ಗಂಡ ಜವರಯ್ಯನಿಂದಲೇ ಶುರುಮಾಡಬೇಕು. ಜವರಯ್ಯ ಕನ್ನೇಗೌಡನ ಕೊಪ್ಪಲಿನವನು. ಕೊಪ್ಪಲಿನ ಹೊಲಗಳಲ್ಲಿ ಒಂದೊಂದಾಗಿ ಸೈಟು, ಮನೆ, ರಸ್ತೆ ಬರುತ್ತಿದ್ದ ಕಾಲ ಅದು. ಹೊಲ ಹೋದವರಿಗೆ ಎತ್ತು ಉಳಿದಿತ್ತು. ಅವರೆಲ್ಲ ಪಟ್ಟಣಕ್ಕೆ ಗಾಡಿ ಹೊಡೆಯತೊಡಗಿದರು. ಸ್ವಾತಂತ್ರ್ಯ ಬಂದ ವರ್ಷ ಜವರಯ್ಯನೂ ಒಂದು ಗಾಡಿ ಮಾಡಿಸಿದ. ರೈಲ್ವೆ ಗೂಡ್ಸ್ ಶೆಡ್ಡಿನಾಚೆ ವೃಷಭೇಂದ್ರಪ್ಪನವರ ಸೌದೆ ಡಿಪೋ ಇತ್ತು. ಅಲ್ಲಿಂದ ಲಕ್ಷ್ಮೀಪುರಂ, ಅಶೋಕಪುರಂ ಮನೆಗಳಿಗೆ ಸೌದೆ ಸಾಗಿಸುವುದು ಅವನ ಕೆಲಸವಾಯಿತು.

ಎತ್ತು ಪಳಗಿಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಆಮೇಲಿನ ಪಾಡೆಲ್ಲ ಬಂದದ್ದು ಆ ಜಾಣತನದಿಂದಲೇ. ಚುಂಚನಕಟ್ಟೆಯ ದನಗಳ ಜಾತ್ರೆಯಿಂದ ಅವನು ಒಂದು ಜೊತೆ ಹಳ್ಳಿಕಾರ್ ಹೋರಿ ತಂದ. ಒಂದಕ್ಕೆ ಬೂದ ಎಂದು ಹೆಸರಿಟ್ಟ. ಕುತ್ತಿಗೆ ಕಪ್ಪಗಿದ್ದ ಇನ್ನೊಂದನ್ನು ಕಾಳ ಎಂದ. ಬೇರೆಯವರಾದರೆ ಹೋರಿಗೆ ಮೂಗುದಾರ ಹಾಕಿ, ಹಿಂದೆ ಮರದ ದಿಮ್ಮಿ ಕಟ್ಟಿ, ಒಬ್ಬ ಮುಂದೆ ನಿಂತು ಎಳೆಯುತ್ತಾನೆ, ಇನ್ನೊಬ್ಬ ಹಿಂದಿನಿಂದ ಬಾರುಕೋಲು ಬೀಸುತ್ತಾನೆ. ಜವರಯ್ಯ ದಿಮ್ಮಿ ಕಟ್ಟಿದ, ಬಾರುಕೋಲು ಮುಟ್ಟಲಿಲ್ಲ. ಎತ್ತಿನ ಮುಂದೆ ಹೋಗಿ ನಿಲ್ಲುವುದೆಂದರೆ ಅವನಿಗೆ ಮರ್ಯಾದೆ ಹೋದ ಹಾಗೆ.

"ಮುಂದ್ಗಡೆ ನಿಂತ್ಕಂಡು ಎಳ್ಯೋದು ಕಲ್ಸಕ್ಕೆ ಬರ್ದೆ ಇರೋನ್ ಕೆಲ್ಸ," ಎನ್ನುತ್ತಿದ್ದ. "ಹಿಂದ್ಗಡೆ ಕೂತ್ಕಂಡು ನಾವು ಬಾಯಲ್ಲಿ ಹೇಳ್ಬೇಕು, ಅವು ಕೇಳ್ಬೇಕು."

ಅವು ಕೇಳಿದವು. ಅವನು "ಹೈ" ಎಂದರೆ ಹೊರಟವು, "ಹೋ" ಎಂದರೆ ನಿಂತವು, ಲೊಚಗುಟ್ಟಿದರೆ ಹೆಜ್ಜೆ ಜೋರು ಮಾಡಿದವು. ಹಗ್ಗವನ್ನು ಸುಮ್ಮನೆ ತೊಡೆಯ ಮೇಲೆ ಹಾಕಿಕೊಂಡು ಕೂತಿರುತ್ತಿದ್ದ. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವನು ಇನ್ನೂ ಒಂದು ಪಾಠ ಹೇಳಿಕೊಟ್ಟ. ಪಕ್ಕದ ಮನೆಯ ಪುಟ್ಟಣ್ಣನೂ ಗಾಡಿ ಹೊಡೆಯುವವನೇ. ಅವನನ್ನು ಕರೆದು, "ಹೈ ಅನ್ನೋ" ಎನ್ನುತ್ತಿದ್ದ. ಪುಟ್ಟಣ್ಣ "ಹೈ" ಎಂದಾಗ ಎತ್ತು ಹೊರಟರೆ ಬೈಗುಳ. ಕದಲದೆ ನಿಂತರೆ ಬೆಲ್ಲದ ಚೂರು. ಹೀಗೆ ದಿನಾ ಒಬ್ಬೊಬ್ಬರನ್ನು ಕರೆಸಿ ಕೂಗಿಸಿ, ಕೊಪ್ಪಲಿನ ಯಾವ ಗಂಡಸಿನ ದನಿಗೂ ಎತ್ತು ಕಾಲೆತ್ತದ ಹಾಗೆ ಮಾಡಿದ. ಯಾಕಯ್ಯಾ ಎಂದರೆ, ಕಳ್ಳ ಬಂದರೆ ಹೊಡೆದುಕೊಂಡು ಹೋಗಲು ಆಗಬಾರದಂತೆ. ಅದು ಬಾಯಿಮಾತು. ನಿಜ ಏನೆಂದರೆ, ಡಿಪೋ ಮುಂದೆ ನಾಲ್ಕು ಜನ ಗಾಡಿಯವರ ಎದುರು ಹಗ್ಗ ಎಸೆದು, "ಎಲ್ಲಿ, ಯಾರಾದ್ರೂ ಒಂದ್ ಎಜ್ಜೆ ಕದಲ್ಸಿ ನೋಡಮ" ಎಂದು ಮೀಸೆ ತಿರುವಬೇಕಾಗಿತ್ತು ಅವನಿಗೆ.

ಇದನ್ನೆಲ್ಲ ಕೆಂಚಮ್ಮ ಕಸ ಗುಡಿಸುತ್ತ ನೋಡುತ್ತಿದ್ದಳು. ಅವಳಿಗೆ ಎತ್ತಿನ ವಿದ್ಯೆ ಯಾರೂ ಹೇಳಿಕೊಡಲಿಲ್ಲ, ಅವಳು ಕೇಳಲೂ ಇಲ್ಲ. ಸಂಜೆ ಗಾಡಿ ಕೊಪ್ಪಲಿನ ಬಾಯಿಗೆ ಬಂದರೆ ಜವರಯ್ಯ ಇಳಿದು ಟೀ ಅಂಗಡಿಯ ಬೆಂಚಿನ ಮೇಲೆ ಕೂತುಬಿಡುತ್ತಿದ್ದ. ಕಲಗಚ್ಚಿನ ಬಕೆಟ್ಟು ಹಿಡಿದು ಕೆಂಚಮ್ಮ ಅಲ್ಲಿಗೆ ಹೋಗಿ, "ಬನ್ರಪ್ಪ, ಮನೆಗೋಗಮ" ಎಂದು ಹೇಳಿ ಮುಂದೆ ಮುಂದೆ ನಡೆಯುತ್ತಿದ್ದಳು. ಎತ್ತು ಗಾಡಿ ಎಳೆದುಕೊಂಡು ಅವಳ ಹಿಂದೆ ಹಟ್ಟಿಗೆ ಬರುತ್ತಿದ್ದವು. ನೊಗ ಇಳಿಸಿ, ಹಿಂಡಿ ಕಲಸಿ, ಹುಲ್ಲು ಹಾಕಿ, ಅವಳು ಒಲೆ ಹಚ್ಚುವ ಹೊತ್ತಿಗೆ ಜವರಯ್ಯ ಬೀಡಿ ಸೇದಿಕೊಂಡು ಬರುತ್ತಿದ್ದ. ಸೋಮವಾರ ಎತ್ತಿಗೆ ನೊಗ ಇಡಬಾರದು, ಬಸವಣ್ಣನ ದಿನ. ಎತ್ತಿಗೆ ಮೈ ತೊಳೆಯಬೇಕು, ಕೊಟ್ಟಿಗೆಗೆ ಮಣ್ಣು ಹಾಕಬೇಕು, ವಾರದ ಹುಲ್ಲು ತರಬೇಕು. ಎತ್ತಿನ ರಜದ ದಿನ ಕೆಂಚಮ್ಮನಿಗೆ ಎರಡರಷ್ಟು ಕೆಲಸ.

ಕನ್ನಡ ನಾಡೆಲ್ಲ ಒಂದಾದ ವರ್ಷ ಜವರಯ್ಯನ ಗಂಟಲಲ್ಲಿ ಗೆಡ್ಡೆ ಎದ್ದಿತು. ಮೊದಲು ನೆಲ್ಲಿಕಾಯಿಯಷ್ಟಿತ್ತು, ನೋಡನೋಡುತ್ತ ನಿಂಬೆಹಣ್ಣಿನಷ್ಟಾಯಿತು. ಅನ್ನ ಇಳಿಯುವುದು ಕಷ್ಟವಾದಾಗ ಆಸ್ಪತ್ರೆಗೆ ಹೋದ. ಆಪರೇಷನ್ ಮಾಡದೆ ವಿಧಿಯಿಲ್ಲ ಎಂದರು ಡಾಕ್ಟರು. ಜೀವ ಉಳಿಸುತ್ತೇನೆ, ಗೆಡ್ಡೆ ದನಿಯ ನರವನ್ನು ಸುತ್ತಿಕೊಂಡಿದೆ, ದನಿಯ ಮಾತು ಹೇಳಲಾರೆ ಎಂದೂ ಮೊದಲೇ ತಿಳಿಸಿದರು. ಹಾಗೇ ಆಯಿತು. ಜೀವ ಉಳಿಯಿತು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಮನೆಗೆ ಬಂದು ಮೈಯಲ್ಲಿ ತ್ರಾಣ ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸ ಗಾಡಿ ಕಟ್ಟಿದ್ದು. ಹಲಗೆಯ ಮೇಲೆ ಕೂತು ಬಾಯಿ ತೆರೆದ. ಬೂದ, ಕಾಳ ಎರಡೂ ಕಿವಿಯನ್ನು ಹಿಂದಕ್ಕೆ ತಿರುಗಿಸಿ ಕಾದವು. ಅವನು ಹಗ್ಗ ಜಗ್ಗಿದ, ಬೆನ್ನು ತಟ್ಟಿದ. ಅವು ಕಾಯುತ್ತಲೇ ಇದ್ದವು. ಇನ್ನು ಆಗದು ಎಂದಾಗ, ಮರ್ಯಾದೆ ಬಿಟ್ಟು ಇಳಿದು ಮುಂದೆ ಹೋಗಿ ಮೂಗುದಾರ ಹಿಡಿದು ಎಳೆದ. ಎತ್ತಿಗೆ ಅವನ ದನಿ ಗೊತ್ತಿತ್ತು, ಬೆನ್ನು ಗೊತ್ತಿರಲಿಲ್ಲ. ಮುಂದಿರುವವನನ್ನು ಬಿಟ್ಟು, ದನಿ ಬರಬೇಕಾದ ಕಡೆಗೆ ಕತ್ತು ತಿರುಗಿಸಿ ಹಿಂದೆ ನೋಡಿದವು. ಬೀದಿಯಲ್ಲಿ ನಿಂತವರು ಯಾರೋ ನಕ್ಕರು. ಜವರಯ್ಯ ಹಗ್ಗ ಕೆಳಗೆ ಹಾಕಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಮತ್ತೆ ಎತ್ತಿನ ಮುಂದೆ ನಿಲ್ಲುವ ಸುದ್ದಿ ಎತ್ತಲಿಲ್ಲ.

ಪುಟ್ಟಣ್ಣ ಬಂದ. ಕೆಟ್ಟವನಲ್ಲ, ಅವನ ಕೈಲಾದ ಉಪಕಾರ ಬಾರುಕೋಲಿನದು. ಎರಡು ಬಿಟ್ಟ. ಬೂದ ನಡುಗಿಕೊಂಡು ನಿಂತಿತು. ಕಾಳ ನೊಗದ ಸಮೇತ ಮಲಗಿಬಿಟ್ಟಿತು.

"ಸಾಕು ಬುಡು ಪುಟ್ಟಣ್ಣ," ಎಂದಳು ಕೆಂಚಮ್ಮ. "ನೀನ್ ಹೈ ಅಂದ್ರೆ ಕದಲ್ಬಾರ್ದು ಅಂತ ಬೆಲ್ಲ ಕೊಟ್ಟು ಕಲ್ಸವ್ರೆ. ಅವೇನ್ ಮಾಡವು?"

"ಮಾರಾಕ್ಬುಡಿ ಅಕ್ಕ."

"ಒಬ್ಬನ್ ದನಿಗೇ ನಡ್ಯೋ ಎತ್ತನ್ನ, ಆ ದನೀನೇ ಹೋದ್ಮೇಲೆ ಯಾರ್ ಕೊಂಡ್ಕತಾರೆ? ಕಟುಕ್ರು ಕೊಂಡ್ಕತಾರೆ."

ಒಳಗೆ ಮಲಗಿದ್ದವನಿಗೆ ಇದು ಕೇಳಿಸಿತು. ಅವನ ಬೆನ್ನು ಅಲುಗುವುದು ಬಾಗಿಲಿನಿಂದ ಕೆಂಚಮ್ಮನಿಗೆ ಕಾಣುತ್ತಿತ್ತು. ಅಳುವುದಕ್ಕೂ ಅವನಿಗೆ ದನಿ ಇರಲಿಲ್ಲ.

ಅಷ್ಟರಲ್ಲಿ ವೃಷಭೇಂದ್ರಪ್ಪನವರು ಆಳು ಕಳಿಸಿದರು. ಮಳೆಗಾಲ ಬರುತ್ತಿದೆ, ಮನೆಮನೆಯವರೂ ಸೌದೆ ಕೇಳುತ್ತಿದ್ದಾರೆ, ಈ ವಾರ ಗಾಡಿ ಬರದಿದ್ದರೆ ಬೇರೆ ಗಾಡಿ ಗೊತ್ತು ಮಾಡಿಕೊಳ್ಳುತ್ತೇನೆ ಎಂದು. ತಪ್ಪೇನಿಲ್ಲ, ಅವರ ವ್ಯಾಪಾರ ಅವರಿಗೆ. ಕೆಂಚಮ್ಮ ಅವತ್ತು ಗಾಡಿ ಹತ್ತಿ ಹಲಗೆಯ ಮೇಲೆ ಕೂತು, ಗಂಡನ ಹಾಗೇ ದನಿ ದಪ್ಪ ಮಾಡಿ "ಹೈ" ಎಂದಳು. ಎತ್ತಿನ ಕಿವಿಯೂ ಅಲುಗಲಿಲ್ಲ. ಲೊಚಗುಟ್ಟಿದಳು, ಬೈದಳು, ಬೇಡಿಕೊಂಡಳು. ಸೂರ್ಯ ನೆತ್ತಿಗೆ ಬಂದ. ಕೊನೆಗೆ ಅವಳಿಗೆ ರೇಗಿ ಹೋಯಿತು. ಇಳಿದು, "ನಿಂತ್ಕಳಿ ಅಲ್ಲೇ, ಸಾಯೋಗಂಟ ನಿಂತ್ಕಳಿ. ನಾನ್ ಹೋಯ್ತೀನಿ," ಎಂದು ಹೊರಟಳು. ಹಿಂದೆ ಗಾಲಿಯ ಸದ್ದಾಯಿತು.

ತಿರುಗಿ ನೋಡಿದಳು. ಎತ್ತು ನಿಂತವು. ಮತ್ತೆ ನಡೆದಳು, ಮತ್ತೆ ಗಾಲಿ ಉರುಳಿತು. ಬೀದಿ ದಾಟಿ ಕುಕ್ಕರಹಳ್ಳಿ ಕೆರೆಯ ಕಡೆ ನಡೆದಳು, ಅಲ್ಲಿಗೂ ಬಂದವು. ಎಷ್ಟೋ ವರ್ಷ ಸಂಜೆ ಸಂಜೆ ಅವಳ ಬೆನ್ನು ನೋಡಿಕೊಂಡೇ ಹಿಂಡಿಗೆ, ನೀರಿಗೆ, ಮನೆಗೆ ಬಂದಿದ್ದವಲ್ಲ. ಜವರಯ್ಯ ಅಷ್ಟು ಜನರ ದನಿ ಮರೆಸಿ ಕಲಿಸಿದ್ದೆಲ್ಲ ಹೋಗಿ, ಯಾರೂ ಕಲಿಸದೆ ಕಲಿತ ಇದೊಂದು ಉಳಿದಿತ್ತು. ಕೆಂಚಮ್ಮ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹಾಗೇ ಡಿಪೋಗೆ ನಡೆದಳು. ಇಳಿಜಾರಿನಲ್ಲಿ ಹಗ್ಗ ಬಿಗಿ ಹಿಡಿಯಲು ಒಬ್ಬರು ಬೇಕಲ್ಲ, ಜವರಯ್ಯ ಓಡಿ ಬಂದು ಹಲಗೆಯ ಮೇಲೆ ಕೂತ.

ಅವತ್ತು ಅವಳಿಗೆ ಸಂತೋಷವಾಗಿತ್ತು, ಸುಳ್ಳೇಕೆ. ಎತ್ತು ಉಳಿದವು ಎಂಬ ಸಂತೋಷ. ಇನ್ನು ಒಂದು ತಿಂಗಳಲ್ಲಿ ಅವು ರೂಢಿಗೆ ಬರುತ್ತವೆ, ಆಮೇಲೆ ಮೇಲೆ ಕೂತರಾಯಿತು ಎಂದುಕೊಂಡಳು.

ಎತ್ತು ರೂಢಿಗೆ ಬಂದವು, ಅವಳ ಬೆನ್ನಿನ ರೂಢಿಗೆ. ಅವಳು ಗಾಡಿ ಹತ್ತಿದರೆ ನಿಲ್ಲುತ್ತಿದ್ದವು, ಪಕ್ಕಕ್ಕೆ ಸರಿದರೂ ನಿಲ್ಲುತ್ತಿದ್ದವು. ಡಿಪೋದಿಂದ ಲಕ್ಷ್ಮೀಪುರಂ, ಲಕ್ಷ್ಮೀಪುರಂನಿಂದ ಡಿಪೋ, ಅಲ್ಲಿಂದ ಅಶೋಕಪುರಂ, ಸಂಜೆ ಮನೆ. ಬೇಸಗೆಯಲ್ಲಿ ಚಾಮರಾಜ ಜೋಡಿ ರಸ್ತೆಯ ಟಾರು ಕರಗಿ ಅಂಗಾಲಿಗೆ ಅಂಟುತ್ತಿತ್ತು. ಮಳೆಯಲ್ಲಿ ಗೋಣಿಚೀಲ ತಲೆಯ ಮೇಲೆ ಹಾಕಿಕೊಂಡು ನಡೆದಳು. ಹಿಮ್ಮಡಿ ಒಡೆದು ರಕ್ತ ಬಂತು, ಅದಕ್ಕೆ ಎತ್ತಿನ ಗೊರಸಿಗೆ ಹಚ್ಚುವ ಎಣ್ಣೆಯನ್ನೇ ಹಚ್ಚಿಕೊಂಡಳು. ಎತ್ತಿಗೆ ಲಾಳ ಕಟ್ಟಿಸಿದ ದಿನ ಪುಟ್ಟಣ್ಣ, "ಅಕ್ಕಂಗೂ ಒಂದ್ ಜೊತೆ ಹೊಡೀರಪ್ಪ" ಎಂದು ತಮಾಷೆ ಮಾಡಿದ. ಅವಳು ನಗಲಿಲ್ಲ. ಆ ಪುಟ್ಟಣ್ಣನೇ ಒಂದು ಉಪಾಯವನ್ನೂ ಹೇಳಿದ. ಅವಳ ಹಳೆ ಸೀರೆಯನ್ನು ಕೋಲಿಗೆ ಸುತ್ತಿ ನೊಗದ ಮುಂದೆ ಕಟ್ಟಿದರೆ ಎತ್ತು ಅವಳೇ ಎಂದುಕೊಳ್ಳುತ್ತವೆ ಎಂದು. ಕಟ್ಟಿ ನೋಡಿದರು. ಬೂದ ಮೂಸಿ ನೋಡಿ ಸೆರಗನ್ನು ಮೇಯ್ದುಬಿಟ್ಟಿತು.

ಲಕ್ಷ್ಮೀಪುರಂನಲ್ಲಿ ಅಲಮೇಲಮ್ಮ ಎಂಬವರ ಮನೆಗೆ ತಿಂಗಳಿಗೊಂದು ಗಾಡಿ ಸೌದೆ ಹೋಗುತ್ತಿತ್ತು. ಜವರಯ್ಯ ಸೌದೆ ಇಳಿಸುವಾಗ ಅವರು ಕೆಂಚಮ್ಮನನ್ನು ಜಗಲಿಯ ಮೇಲೆ ಕೂರಿಸಿ ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಡುತ್ತಿದ್ದರು.

"ಯಾಕೆ ಕೆಂಚಮ್ಮ, ಈ ಬಿಸಿಲಲ್ಲಿ ಹೀಗೆ ನಡೀತೀಯ? ಅವರು ಕೂತಿದಾರೆ, ನೀನೂ ಪಕ್ಕದಲ್ಲಿ ಕೂತ್ಕೋಬಾರ್ದಾ?"

"ನಾನ್ ಕುಂತ್ರೆ ಅವೂ ಕುಂತ್ಕತವೆ ಕಣ್ರವ್ವ."

"ಅವರಾದ್ರೂ ಸ್ವಲ್ಪ ದೂರ ನಡೀಬಾರ್ದಾ?"

ಕೆಂಚಮ್ಮ ಮಜ್ಜಿಗೆ ಕುಡಿದು ಲೋಟ ತೊಳೆದಿಟ್ಟಳು. ಕಾರಣ ಅವಳಿಗೆ ಗೊತ್ತಿತ್ತು. ಎತ್ತಿನ ಮುಂದೆ ನಡೆದರೆ ನಾಲ್ಕು ಜನ ನಗುತ್ತಾರೆ ಎಂದು ಗಂಡನಿಗೆ ನಾಚಿಕೆ. ಹೆಂಡತಿ ನಡೆದರೆ ನಗುವುದಿಲ್ಲವೇ? ನಗುತ್ತಿದ್ದರು. ದೇವಿ ಮುಂದೆ, ವಾಹನ ಹಿಂದೆ ಎಂದು ಆಡಿಕೊಳ್ಳುತ್ತಿದ್ದರು. ಅದು ಅವನ ಕಿವಿಗೂ ಬೀಳುತ್ತಿತ್ತು, ಕೇಳದವನ ಹಾಗೆ ಬೇರೆ ಕಡೆ ನೋಡುತ್ತ ಕೂತಿರುತ್ತಿದ್ದ. ಅವನ ಮೇಲೆ ಅವಳಿಗೆ ಕೋಪವಿತ್ತು. ತಪ್ಪಾಯಿತು ಎಂದು ಹೇಳಲು ಅವನಿಗೆ ದನಿ ಇಲ್ಲ, ಪಾಪ ಎನ್ನಬಹುದು. ದನಿ ಇದ್ದಾಗಲೂ ಹೇಳಿದವನಲ್ಲ.

ಹೀಗೇ ವರ್ಷಗಳು ಉರುಳಿದವು. ಬೂದಕ್ಕೆ ವಯಸ್ಸಾಯಿತು, ಒಂದು ಚಳಿಗಾಲದಲ್ಲಿ ಮಲಗಿದ್ದು ಏಳಲಿಲ್ಲ. ಕೊಪ್ಪಲಿನವರೆಲ್ಲ ಸೇರಿ ಕೆರೆಯ ಆಚೆ ಮಣ್ಣು ಮಾಡಿ ಬಂದರು. ಜವರಯ್ಯ ಎರಡು ದಿನ ಊಟ ಮಾಡಲಿಲ್ಲ. ಕೆಂಚಮ್ಮನೂ ಅತ್ತಳು. ಅಳುತ್ತ ಅಳುತ್ತಲೇ ಅವಳ ತಲೆಯಲ್ಲಿ ಒಂದು ಯೋಚನೆ ಬಂತು, ಬಂದದ್ದಕ್ಕೆ ತನಗೇ ನಾಚಿಕೆಯೂ ಆಯಿತು. ಇನ್ನೊಂದು ಎತ್ತು ಬರುತ್ತದೆ. ಅದನ್ನಾದರೂ ಸರಿಯಾಗಿ ಕಲಿಸಿದರೆ ತಾನು ಗಾಡಿ ಹತ್ತಬಹುದು.

ಹೊಸ ಹೋರಿಗೆ ಮುದ್ದ ಎಂದು ಹೆಸರಿಟ್ಟಳು. ಕಲಿಸುವ ಹತ್ತಿರ ಗಂಡನನ್ನು ಬಿಟ್ಟುಕೊಳ್ಳಲಿಲ್ಲ. ದಿಮ್ಮಿ ಕಟ್ಟಿ ಕೆರೆಯಂಗಳದಲ್ಲಿ ತಾನೇ ಎಳೆಸಿದಳು. ತಪ್ಪಿಯೂ ಅದರ ಮುಂದೆ ಹೆಜ್ಜೆ ಇಡಲಿಲ್ಲ, ಯಾವಾಗಲೂ ಹಿಂದೆ ನಿಂತೇ ಹಗ್ಗ ಹಿಡಿದಳು. ಕಲಗಚ್ಚು ಇಡುವಾಗಲೂ ಹಿಂದಿನಿಂದಲೇ ಬರುವಳು. ಪುಟ್ಟಣ್ಣನನ್ನು ಕರೆದು, "ಹೈ ಅನ್ನು" ಎಂದಳು. ಮುದ್ದ ಹೊರಟರೆ ಬೆಲ್ಲದ ಚೂರು. ಹಾಲಿನವನನ್ನು, ಕಮ್ಮಾರನನ್ನು, ದಾರಿಯಲ್ಲಿ ಹೋಗುವ ಹೆಂಗಸರನ್ನು, ಎಲ್ಲರನ್ನೂ ನಿಲ್ಲಿಸಿ "ಹೈ" ಎನಿಸಿದಳು. ಸ್ವಲ್ಪ ದಿನದಲ್ಲೇ ಮುದ್ದ ಯಾರು ಕರೆದರೂ ಹೊರಡುವ ಎತ್ತಾಯಿತು. ಜವರಯ್ಯ ದೂರದಲ್ಲಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ತಾನು ಬೆಲ್ಲ ಕೊಟ್ಟು ಕಲಿಸಿದ್ದನ್ನು ಹೆಂಡತಿ ಬೆಲ್ಲ ಕೊಟ್ಟೇ ತಿರುವುಮುರುವು ಮಾಡುತ್ತಿದ್ದಳು.

ಇನ್ನು ಉಳಿದದ್ದು ಜೋಡಿ ಕಟ್ಟುವುದು. ಹೊಸ ಎತ್ತನ್ನು ಹಳೆಯ ಎತ್ತಿನ ಜೊತೆ ನೊಗಕ್ಕೆ ಕಟ್ಟಿಯೇ ಹದಕ್ಕೆ ತರಬೇಕು. ನಮ್ಮ ಸೀಮೆಯಲ್ಲಿ ಇನ್ನೊಂದು ದಾರಿ ಯಾರೂ ಕಂಡಿಲ್ಲ. ಹೊರೆಯಲ್ಲಿ ಕುತ್ತಿಗೆ ಎಷ್ಟು ತಗ್ಗಿಸಬೇಕು, ತಿರುವಿನಲ್ಲಿ ಯಾರು ನಿಲ್ಲಬೇಕು, ಬಸ್ಸು ಬಂದರೆ ಎತ್ತ ಸರಿಯಬೇಕು, ಇದೆಲ್ಲ ಹಳೆಯದು ಹೊಸದಕ್ಕೆ ಹೇಳಿಕೊಡುತ್ತದೆ. ಕೆಂಚಮ್ಮ ಕಾಳನ ಪಕ್ಕಕ್ಕೆ ಮುದ್ದನನ್ನು ಕಟ್ಟಿದಳು. ಕಾಳ ಅವಳು ಮುಂದೆ ನಡೆಯದೆ ಹೊರಡುವುದಿಲ್ಲವಲ್ಲ. ಹೊಸದು ನೊಗಕ್ಕೆ ಒಗ್ಗಿಕೊಳ್ಳುವವರೆಗೆ ನಡೆದುಬಿಡೋಣ, ಆಮೇಲೆ ಮುದ್ದ ಹೊರಟರೆ ಕಾಳನೂ ವಿಧಿಯಿಲ್ಲದೆ ಹೊರಡುತ್ತದೆ ಎಂದುಕೊಂಡು ಮುಂದೆ ನಿಂತಳು. ಅಲ್ಲಿ ಎಡವಿದ್ದು ಅವಳು.

ಮಳೆಗಾಲ ಕಳೆಯಿತು. ದೀಪಾವಳಿಯ ಮುಂಚೆ ಒಂದು ಬೆಳಿಗ್ಗೆ ಡಿಪೋದಲ್ಲಿ ಹೊರೆ ತುಂಬಿದ ಮೇಲೆ ಕೆಂಚಮ್ಮ ಸೀರೆ ಕೊಡವಿಕೊಂಡು, ಗಾಲಿಯ ಮೇಲೆ ಕಾಲಿಟ್ಟು ಹತ್ತಿ ಹಲಗೆಯ ಮೇಲೆ ಕೂತಳು. ಜವರಯ್ಯ ಸರಿದು ಜಾಗ ಕೊಟ್ಟ. ವೃಷಭೇಂದ್ರಪ್ಪನವರೂ ಹೊರಗೆ ಬಂದರು. "ಏನು ಕೆಂಚಮ್ಮ, ಇವತ್ತು ಸವಾರಿ ಜೋರು" ಎಂದರು. ಅವಳು ನಗುತ್ತಲೇ "ಹೈ" ಎಂದಳು.

ಕಾಳ ನಿಂತಿತ್ತು, ಅದು ಗೊತ್ತಿದ್ದದ್ದೇ. ಮುದ್ದನೂ ನಿಂತಿತ್ತು. ಅವಳು ಮತ್ತೆ ಹೇಳಿದಳು. ಮುದ್ದ ತಲೆ ಎತ್ತಿ ಮುಂದಿನ ಖಾಲಿ ರಸ್ತೆಯನ್ನು ನೋಡಿತು, ಆಮೇಲೆ ಕಾಳನನ್ನು ನೋಡಿತು, ಆಮೇಲೆ ಸುಮ್ಮನೆ ಮೆಲುಕು ಹಾಕತೊಡಗಿತು. ಪುಟ್ಟಣ್ಣ ಕೂಗಿ ನೋಡಿದ. ಡಿಪೋದ ಆಳುಗಳು ಕೂಗಿದರು. ಕೆರೆಯಂಗಳದಲ್ಲಿ ಬೀದಿಯವರ ಮಾತಿಗೆಲ್ಲ ಹೊರಡುತ್ತಿದ್ದ ಎತ್ತು ನೊಗದ ಕೆಳಗೆ ಕಾಳ ಹೇಳಿಕೊಟ್ಟದ್ದನ್ನೇ ಕಲಿತಿತ್ತು. ಅವಳ ಬೆನ್ನು ಕಂಡರೆ ನಡೆಯಬೇಕು, ಕಾಣದಿದ್ದರೆ ನಿಲ್ಲಬೇಕು.

ಕೆಂಚಮ್ಮ ಇಳಿದಳು. ಡಿಪೋ ಬಾಗಿಲ ಕಲ್ಲಿನ ಮೇಲೆ ಕೂತು ಕಾಲನ್ನು ಮುಂದೆ ಚಾಚಿದಳು. ಆ ಕಾಲಿನ ಕಡೆ ನೋಡುತ್ತ ಜನರೆದುರೇ ಅತ್ತಳು. ಜವರಯ್ಯ ಬಂದು ಎದುರು ನಿಂತ.

"ನನ್ ಕೈಲಿ ಆಗಕ್ಕಿಲ್ಲ ಕಣಯ್ಯ," ಎಂದಳು. "ಎತ್ತಿಗಾದ್ರೂ ಸೋಮ್ವಾರ ಐತೆ. ನಂಗೆ ಯಾವ್ ವಾರ ಐತೆ ಹೇಳು. ನಿನ್ ಜಂಬಕ್ಕೆ ಕಲ್ಸ್ದೆ, ನಾನ್ ನಡ್ದೆ. ಇನ್ನೊಂದ್ ಎತ್ತಿನ್ ಆಯಸ್ಸು ನಡ್ಯೋವಷ್ಟು ಕಾಲು ನಂಗಿಲ್ಲ."

ಅವನ ಬಾಯಿ ತೆರೆಯಿತು, ಗಾಳಿ ಬಂತು. ಅವಳು ಕಣ್ಣೊರೆಸಿಕೊಂಡು ಎದ್ದು ಗಾಡಿಯ ಮುಂದೆ ಹೋಗಿ ನಿಂತಳು. ಲಕ್ಷ್ಮೀಪುರಂನಲ್ಲಿ ಜನ ಸೌದೆಗೆ ಕಾಯುತ್ತಿದ್ದರು.

ಮಾರನೆಯ ದಿನ ಜವರಯ್ಯ ಹಲಗೆಯ ಮೇಲೆ ಕೂರಲಿಲ್ಲ. ಹಗ್ಗವನ್ನು ನೊಗಕ್ಕೆ ಸುತ್ತಿ, ಬಂದು ಹೆಂಡತಿಯ ಪಕ್ಕ ನಡೆಯತೊಡಗಿದ.

"ಇಳಿಜಾರಲ್ಲಿ ಹಗ್ಗ ಯಾರ್ ಹಿಡೀತಾರೆ? ನಿಮ್ಮಪ್ಪನಾ?" ಎಂದಳು ಅವಳು. ಇಳಿಜಾರು ಬಂದಾಗ ಹಿಂದೆ ಓಡಿ ಹಗ್ಗ ಹಿಡಿದ, ದಾಟಿದ ಮೇಲೆ ಮತ್ತೆ ಬಂದು ಪಕ್ಕದಲ್ಲಿ ನಡೆದ. ಗಾಡಿಯವರು ನೋಡಿ ಕೆಮ್ಮಿದರು, ಎತ್ತಿನ ಮೇಷ್ಟ್ರು ಮುಂದಕ್ಕೆ ಬಂದುಬಿಟ್ಟರಲ್ಲ ಎಂದು ಒಬ್ಬ ಅಂದ. ಜವರಯ್ಯನ ಕಿವಿ ಕೆಂಪಾಯಿತು. ಆದರೂ ನಡೆದ. ಕೆಂಚಮ್ಮನಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ಇಬ್ಬರೂ ನಡೆದರೆ ತನ್ನ ಕಾಲಿಗೇನು ಬಂತು ಎಂದುಕೊಂಡಳು. ಜೊತೆಗೆ ನಡೆದು ಪಾಪ ಕಳೆದುಕೊಳ್ಳಲು ನೋಡುತ್ತಿದ್ದಾನೆ, ನಡೆಯಲಿ ಎಂದು ಬಿಟ್ಟಳು.

ಸಂಜೆ ಅವನು ಟೀ ಅಂಗಡಿಗೆ ಹೋಗುವುದನ್ನೂ ಬಿಟ್ಟ. ಕಲಗಚ್ಚಿನ ಬಕೆಟ್ಟನ್ನು ಮನೆಯಿಂದ ತಂದು, ಕೊಪ್ಪಲಿನ ಬಾಯಿಂದ ತಾನೇ ಮುಂದೆ ನಡೆಯುತ್ತಿದ್ದ, ಅವಳು ಅವನಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತಿದ್ದಳು. ಹಿಂಡಿ ಕಲಸುವವನೂ ಅವನೇ, ಹುಲ್ಲು ಹಾಕುವವನೂ ಅವನೇ. ಸೋಮವಾರ ಎತ್ತನ್ನು ಕೆರೆಗೆ ಹೊಡೆದುಕೊಂಡು ಹೋಗದೆ ಕರೆದುಕೊಂಡು ಹೋದ. ಕೆಂಚಮ್ಮ ಮನೆಯಲ್ಲಿ ಕೂತು ಅಕ್ಕಿ ಆರಿಸುತ್ತ, ಈ ಮನುಷ್ಯನಿಗೆ ಈಗ ಬುದ್ಧಿ ಬಂತಲ್ಲ ಎಂದು ಗೊಣಗಿದಳು. ಅವನು ಎತ್ತಿಗೆ ತನ್ನ ಬೆನ್ನನ್ನು ಕಲಿಸುತ್ತಿದ್ದಾನೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆಯುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ, ಅಲಮೇಲಮ್ಮನ ಮನೆಯ ಸೌದೆ ತುಂಬಿತ್ತು. ಕೆಂಚಮ್ಮ ಎಂದಿನಂತೆ ಮುಂದೆ ಹೋಗಿ ನಿಂತಳು. ಜವರಯ್ಯ ಅವಳ ಭುಜ ಮುಟ್ಟಿ ಗಾಡಿಯ ಕಡೆ ತೋರಿಸಿದ.

"ಬ್ಯಾಡ ಬುಡು. ಒಂದ್ಸಲ ನಗೆಪಾಟ್ಲಾಗಿದ್ದು ಸಾಕು."

ಅವನು ಮತ್ತೆ ತೋರಿಸಿದ. ಅವಳು ಹತ್ತದಿದ್ದರೆ ಅಲ್ಲಿಂದ ಕದಲುವವನಂತೆ ಕಾಣಲಿಲ್ಲ. ಸಿಡುಕಿಕೊಂಡೇ ಹೋಗಿ ಹಲಗೆಯ ಮೇಲೆ ಕೂತಳು. ಜವರಯ್ಯ ಎತ್ತಿನ ಮುಂದೆ ನಿಂತು, ತಲೆವಸ್ತ್ರ ಬಿಗಿ ಮಾಡಿಕೊಂಡು, ಹಿಂದಕ್ಕೆ ತಿರುಗಿ ನೋಡದೆ ಹೆಜ್ಜೆ ಹಾಕಿದ. ಮುದ್ದ ಹೊರಟಿತು. ಕಾಳ ಒಂದು ಕ್ಷಣ ತಡೆದು, ಕತ್ತು ಹೊರಳಿಸಿ ಕೆಂಚಮ್ಮನನ್ನು ನೋಡಿ, ಅದೂ ಹೊರಟಿತು.

ಗಾಡಿ ಗೂಡ್ಸ್ ಶೆಡ್ಡು ದಾಟಿತು. ಯಾವ ಕ್ಷಣದಲ್ಲಾದರೂ ನಿಲ್ಲುತ್ತದೆ ಎಂದು ಕೆಂಚಮ್ಮ ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಿಲ್ಲಲಿಲ್ಲ. ಇಳಿಜಾರು ಬಂದಾಗ ತಾನೇ ಹಗ್ಗ ಬಿಗಿ ಹಿಡಿದಳು. ಕಾಲು ನೆಲಕ್ಕೆ ತಾಗದೆ ಇಳಿಬಿದ್ದಿದ್ದವು. ಮುಂದೆ ಗಂಡನ ಬೆನ್ನು ಕಾಣುತ್ತಿತ್ತು. ಅಂಗಿ ಬೆವರಿಗೆ ಅಂಟಿಕೊಂಡಿತ್ತು, ಒಂದು ಭುಜ ಜಗ್ಗಿತ್ತು, ಬರಿಗಾಲು. ಇಷ್ಟು ವರ್ಷ ಇವನು ಇಲ್ಲಿ ಕೂತು ನೋಡಿದ್ದು ಇದನ್ನೇ, ನನ್ನ ಬೆನ್ನನ್ನೇ, ದಿನಾ ನೋಡಿದ್ದಾನೆ ಎನಿಸಿತು ಅವಳಿಗೆ. ನೋಡಿಕೊಂಡು ಕೂರುವುದೂ ಸುಲಭವಿರಲಿಕ್ಕಿಲ್ಲ ಎಂದೂ ಅನಿಸಿತು. ಆದರೆ ನಡೆಯುವುದಕ್ಕಿಂತ ಸುಲಭ. ಸೌದೆಗೆ ಬೆನ್ನು ಆನಿಸಿದಳು. ಜೋಡಿ ರಸ್ತೆಯ ಮರಗಳ ನೆರಳು ಮುಖದ ಮೇಲೆ ಹಾದುಹೋಗುತ್ತಿತ್ತು. ಒಂದು ಕ್ಷಣ ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ಗಾಡಿ ಅಲಮೇಲಮ್ಮನ ಮನೆಯ ಮುಂದೆ ನಿಂತಿತ್ತು. ಬಿಸಿಲು ನೆತ್ತಿಗೇರಿತ್ತು. ಎತ್ತಿನ ಮೈ ಬೆವರಿತ್ತು. ಅಲಮೇಲಮ್ಮ ಗೇಟಿನ ಹತ್ತಿರ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದರು.

"ಇಷ್ಟೊತ್ತಾಯ್ತಾ? ಡಿಪೋದಿಂದ ಇಲ್ಲಿಗೆ ಇಷ್ಟೊತ್ತೇನ್ರವ್ವ?" ಎಂದು ಕೆಂಚಮ್ಮ ಗಾಬರಿಯಿಂದ ಸೆರಗು ಸರಿಮಾಡಿಕೊಂಡಳು.

"ಬೆಳಿಗ್ಗೇನೇ ಬಂದ್ರು ಕಣೇ. ನಾನು ಗೇಟು ತೆಗೆದು ನಿಂತಿದ್ದೆ. ನಿನ್ನ ಯಜಮಾನ್ರು ಬಾಯಿ ಮೇಲೆ ಬೆರಳಿಟ್ಟು, ನಿನ್ನ ಕಡೆ ತೋರಿಸಿ, ಹಾಗೇ ಮುಂದಕ್ಕೆ ಹೋದ್ರು. ಆ ಬೀದಿ ಸುತ್ತಿ ಬಂದ್ರು, ನೀನು ಎದ್ದಿರ್ಲಿಲ್ಲ. ಮತ್ತೆ ಹೋದ್ರು. ಲಕ್ಷ್ಮೀಪುರಂನಲ್ಲಿ ಇವತ್ತು ನಮ್ಮ ಸೌದೆ ನೋಡದೆ ಇರೋರು ಯಾರೂ ಇಲ್ಲ."

ಕೆಂಚಮ್ಮ ಗಂಡನನ್ನು ನೋಡಿದಳು. ಅವನು ಕಾಳನ ಕುತ್ತಿಗೆಯ ಬೆವರು ಒರೆಸುತ್ತ ನಿಂತಿದ್ದ. ಅವನ ಅಂಗಾಲಿಗೆ ಟಾರು ಮೆತ್ತಿಕೊಂಡಿತ್ತು, ಒಂದು ಕಾಲನ್ನು ನೆಲಕ್ಕೆ ಪೂರಾ ಊರಿರಲಿಲ್ಲ.

"ಹೊರೆ ಹೊರ್ಸಿ ಎತ್ತನ್ನ ಊರೆಲ್ಲಾ ಸುತ್ಸಿದ್ದೀಯಲ್ಲಯ್ಯ," ಎಂದಳು. "ತಲೆ ನೆಟ್ಗೈತಾ ನಿಂಗೆ?" ಬೈಗುಳವೇ ಅದು. ಬೈಯುತ್ತಲೇ ಇಳಿದು ಅಲಮೇಲಮ್ಮನ ಕೈಯಿಂದ ಲೋಟ ತೆಗೆದುಕೊಂಡಳು.

ಮಜ್ಜಿಗೆಯ ಲೋಟವನ್ನು ಅವಳು ಅವನ ಕೈಗೆ ಕೊಟ್ಟಳು. ಅವನು ಅರ್ಧ ಕುಡಿದು ಹಿಂದಕ್ಕೆ ಕೊಟ್ಟ. ಇಬ್ಬರೂ ಸೇರಿ ಸೌದೆ ಇಳಿಸಿದರು. ಇಳಿಸಿ ಆದ ಮೇಲೆ ಜವರಯ್ಯ ಕುಂಟುತ್ತ ಹೋಗಿ ಎತ್ತಿನ ಮುಂದೆ ನಿಂತು ಕಾದ. ಬೀದಿಯ ಹೆಂಗಸರು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಕೆಂಚಮ್ಮ ಯಾರ ಕಡೆಯೂ ನೋಡದೆ, ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಖಾಲಿ ಗಾಡಿಯ ಹಲಗೆಯ ಮೇಲೆ ಕೂತಳು.